ನೆಗೆಣ್ಣಿಯ ಹೊಸ ಸರ್ವರ್

"ಅವ್ವಾ, ವೈಶಾಲಿ ಚಿಗವ್ವ ನಿನಗಿಂತ ಶಾಣ್ಯಾಕಿ ಏನು?"

ಜಡೆ ಹಾಕುತ್ತಿದ್ದ ನನ್ನ ಕೈ ನಿಂತಿತು. "ಯಾರ ಹೇಳಿದ್ರು?" ಎಂದೆ.

"ಅಜ್ಜ."

ರಿಬ್ಬನ್ನನ್ನು ತುಸು ಬಿಗಿಯಾಗಿಯೇ ಕಟ್ಟಿದೆ. "ನೋಯಾಕತ್ತೈತಿ ಬೇ!" ಎಂದು ಪೂನಮ್ ಚೀರಿದಳು. ಪಾಪ, ಕೂಸಿನದೇನು ತಪ್ಪು? ಸಡಿಲಿಸಿ, ಮುದ್ದು ಕೊಟ್ಟು ಸಾಲೆಗೆ ಕಳಿಸಿದೆ.

ವೈಶಾಲಿ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ತವರು ಗಲಗಲಿ. ಅಣೆಕಟ್ಟಿನ ಹಿನ್ನೀರಿನಲ್ಲಿ ಹೊಲ ಮುಳುಗಿ ಹೋದಾಗ ಬಂದ ಪರಿಹಾರದಲ್ಲಿ ಅವಳಪ್ಪ ಶಿವಯೋಗೆಪ್ಪ ಮೊದಲು ಕೊಂಡದ್ದು ಮಗಳಿಗೊಂದು ಕಂಪ್ಯೂಟರ್. ನನ್ನಪ್ಪ ನನಗೆ ಕೊಡಿಸಿದ್ದು ಕನ್ನಡಿಯ ಕಪಾಟು. ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ರಬಕವಿಯ ನಮ್ಮ ಮನೆಯಲ್ಲಿ ನೇಯ್ದು ಮಾರುವ ಸೀರೆಗಳಿಗೆ ಮೊದಲು ವೆಬ್‌ಸೈಟ್ ಮಾಡಿದವಳು ನಾನು. ಅದು ಇರುವುದು ಯಾವುದೋ ಕಂಪನಿಯಿಂದ ಬಾಡಿಗೆಗೆ ಪಡೆದ ವರ್ಚುವಲ್ ಸರ್ವರಿನಲ್ಲಿ, ಅಂದರೆ ಅವರ ದೊಡ್ಡ ಕಂಪ್ಯೂಟರಿನ ಒಂದು ಪಾಲಿನಲ್ಲಿ. ಒಮ್ಮೆ ಅದರ ಸಾಫ್ಟ್‌ವೇರ್ ಹೊಸದು ಮಾಡಲು ಹೋಗಿ, ನಡೆಯುತ್ತಿದ್ದ ಸರ್ವರನ್ನೇ ಕೆದಕಿದೆ. ಎರಡು ದಿನ ಅಂಗಡಿ ಮುಚ್ಚಿದಂತಾಯಿತು. ಆಮೇಲೆ ಪೂನಮ್ ಹುಟ್ಟಿದಳು. "ನೀ ಕೂಸು ನೋಡವಾ" ಎಂದರು ಮಾವ ಗಿರಮಲ್ಲಪ್ಪನವರು. ಮುಂದೆ ವೈಶಾಲಿ ಸೊಸೆಯಾಗಿ ಬಂದಳು, ಕಂಪ್ಯೂಟರಿನ ಮುಂದಿನ ಕುರ್ಚಿ ಅವಳದಾಯಿತು.

ಈಗ ಸರ್ವರಿನ ಸಾಫ್ಟ್‌ವೇರ್ ಹಳತಾಗಿದೆ, ಶನಿವಾರದೊಳಗೆ ಬದಲಿಸಿ ಎಂದು ಕಂಪನಿಯವರು ಬರೆದಿದ್ದಾರೆ. ಮಾವ ಊಟಕ್ಕೆ ಕೂತಾಗಲೇ ಹೇಳಿಬಿಟ್ಟರು: "ಆತು ಅಂದ್ರ ಛಲೋ ಆತು ವೈಶಾಲವ್ವ. ಇಲ್ಲಾಂದ್ರ ಜಮಖಂಡಿ ಕಂಪ್ಯೂಟರಿನವರ ಕೈಯಾಗ ಕೊಟ್ಟ ಬಿಡೂಣು. ನೀ ಒಲಿ ಮುಂದ ಬಾ."

"ಒಲಿ ಮುಂದ ಅಕ್ಕಾರ ಅದಾರಲ್ರಿ ಮಾವಾರ, ನನಗೆಲ್ಲಿ ಜಾಗಾ ಐತ್ರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೊಳಗೆ ಮಾತ್ರ, ಇವಳ ಕೈಯಲ್ಲೂ ಒಮ್ಮೆ ಅಂಗಡಿ ಮುಚ್ಚಲಿ ಎಂದುಕೊಂಡೆ.

ಅವಳು ನಡೆಯುತ್ತಿದ್ದ ಸರ್ವರನ್ನು ಮುಟ್ಟಲೇ ಇಲ್ಲ. ಮಗ್ಗದಲ್ಲಿ ಹಾಸಿನ ಉದ್ದೆಳೆಗಳು ಮುಗಿಯುತ್ತ ಬಂದಾಗ ಹಳೆಯ ಎಳೆಗಳನ್ನು ಕಿತ್ತು ಹಾಕುತ್ತೇವೆಯೇ? ಒಂದೊಂದರ ತುದಿಗೂ ಹೊಸ ಎಳೆ ಗಂಟು ಹಾಕಿ ಎಳೆದುಕೊಳ್ಳುತ್ತೇವೆ. ಅವಳೂ ಹಾಗೆಯೇ, ಹಳೆಯದು ನಡೆಯುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು ಸರ್ವರ್ ಪಡೆದು, ಹೊಸ ಸಾಫ್ಟ್‌ವೇರ್ ಹಾಕಿ, ಸೈಟಿನ ನಕಲು ಇಳಿಸಿದಳು. ಪ್ರತಿಯೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮೇಲೆಯೇ ಕೀಲಿ ಒತ್ತುವವಳು ಅವಳು. ಗಿರಾಕಿಗಳಿಗೆ ಏನೂ ಗೊತ್ತಾಗಲಿಲ್ಲ. ಮಗ್ಗದ ಸಪ್ಪಳದಲ್ಲೇ ಬೆಳೆದ ನನಗೆ ತೋಚದ್ದು ಕಬ್ಬಿನ ಹೊಲದಲ್ಲಿ ಬೆಳೆದವಳಿಗೆ ತೋಚಿತಲ್ಲ!

ಇವತ್ತು ಶುಕ್ರವಾರ. ಮಧ್ಯಾಹ್ನ ಚಹಾ ಕೊಡಲು ಹೋದಾಗ ಅವಳ ಮುಖ ಸಣ್ಣಗಾಗಿತ್ತು. ಹೊಸ ಸರ್ವರಿನಲ್ಲಿ ಸೈಟು ತೆರೆಯುತ್ತಿರಲಿಲ್ಲ. ಒಳಗೆ ಬರಲು ಅನುಮತಿಯಿಲ್ಲ ಎಂಬ ಇಂಗ್ಲಿಷ್ ಸಾಲೊಂದೇ ಪರದೆಯ ಮೇಲೆ.

"ಮುಂಜಾನಿಂದ ಇದ ನೋಡ್ರಿ" ಎಂದಳು.

ಆ ಗಳಿಗೆ ನನಗಾದ ಸುಖವನ್ನು ಇಲ್ಲಿ ಮುಚ್ಚಿಡುವುದಿಲ್ಲ. ಕಾರಣವೂ ನನಗೆ ಕಂಡಿತ್ತು. ಯಾರನ್ನು ಒಳಗೆ ಬಿಡಬೇಕೆಂದು ಸರ್ವರಿಗೆ ಹೇಳುವ ಸಾಲುಗಳು ನಕಲಿನ ಜೊತೆ ಬಂದ ಹಳೆಯ ರೀತಿಯವು. ಹೊಸದಕ್ಕೆ ಬೇರೆ ರೀತಿ ಬರೆಯಬೇಕು. ಪೂನಮ್ ಸಾಲೆಗೆ ಹೋದ ಹೊತ್ತಿನಲ್ಲಿ ಫೋನಿನಲ್ಲಿ ಇದನ್ನೆಲ್ಲ ಓದಿದ್ದೆ. ಯಾಕೆ ಓದಿದೆನೋ. ಮುಂಜಾನೆಯ ಖಾಲಿ ಕಪ್ಪುಬಸಿ ಎತ್ತಿಕೊಂಡು ಹೊರಡಲು ತಿರುಗಿದೆ.

"ಅಕ್ಕಾರ, ನಿಂದರ್ರಿ."

ನಿಂತೆ. ಅವಳು ಎದ್ದು ಕುರ್ಚಿ ನನ್ನ ಕಡೆ ಸರಿಸಿದಳು.

"ಒಳಗ ಬಿಡೂ ಈ ಸಾಲ ನೀವ ಬರದವ ಅದಾವ್ರಿ. ಅಳಸಾಕ ನನಗ ಧೈರ್ಯ ಬರವಲ್ದು. ಒಂದೀಟ ಕುಂತು, ಹೆಂಗ ಬದಲಿ ಮಾಡೂದು ಹೇಳಿಕೊಡ್ತೀರೇನ್ರಿ?"