ಸ್ಲಾವ್ಕಾ ಅತ್ತೆ ಇಳಿದುಬಿಟ್ಟ ರೈಲು

ನನ್ನದು ಕೋಳಿಕಾಲಿನ ಅಕ್ಷರ, ಮಾತೂ ಸಾಲದು, ಕ್ಷಮಿಸಿ. ಹದಿನಾರಕ್ಕೇ ಶಾಲೆ ಬಿಟ್ಟವಳು ನಾನು. ಆದರೂ ಸ್ಲಾವ್ಕಾ ಅತ್ತೆಯ ವಿಷಯ ಬರೆಯಲೇಬೇಕು.

ಅತ್ತೆ ನಮ್ಮ ಊರಿನ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಾಫಿ, ಬಿಸಿ ಬುರೆಕ್ ಪಫ್ಸು ಮಾರಿದವರು. ಮ್ಯೂನಿಕ್ ರೈಲಿನವರ ಕೈಗೆ ಲೋಟ ಕೊಟ್ಟರೇ ಹೊರತು ತಾವು ಅದನ್ನು ಹತ್ತಿದವರಲ್ಲ. ಈ ವಸಂತದಲ್ಲಿ ಅಂಗಡಿ ಮುಚ್ಚಿದಾಗ ಗಿರಾಕಿಗಳೆಲ್ಲ ಸೇರಿ ಯುರೋಪಿನ ರೈಲು ಪಾಸು ಕೊಟ್ಟರು. ಎರಡು ತಿಂಗಳಲ್ಲಿ ಹತ್ತು ದಿನ, ಮನಸ್ಸು ಬಂದತ್ತ ಹೋಗಬಹುದು.

"ಎಲ್ಲಿಗೆ ಹೋಗ್ತೀರಿ ಅತ್ತೆ?"

"ಬೆಳಗ್ಗೆ ಎದ್ದಾಗ ಯಾವ ರೈಲು ಚೆಂದ ಕಾಣುತ್ತೋ ಅದಕ್ಕೆ. ಒಬ್ಬಳೇ! ಲೆಕ್ಕಾಚಾರ ಮಾತ್ರ ನಿಂದು, ತಿನ್ಕಾರಾ. ನೀನೇ ನನ್ನ ಮೇಷ್ಟ್ರು."

ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಯಾವ ರೈಲು, ಅದು ತಪ್ಪಿದರೆ ಯಾವುದು, ಎಲ್ಲಿ ಸೀಟು ಕಾಯ್ದಿರಿಸಬೇಕು, ಎಲ್ಲವನ್ನೂ ನೋಟುಪುಸ್ತಕದಲ್ಲಿ ಗೀಟು ಹಾಕಿ ಬರೆದೆ. ಅತ್ತೆಗೆ ಫೋನಿನಲ್ಲಿ ಪಾಸು ತೆರೆಯಲು ಬರುತ್ತಿರಲಿಲ್ಲ. ಅಭ್ಯಾಸವಾಗಲಿ ಎಂದು ಅದೇ ಪಾಸಿನಲ್ಲಿ ನಮ್ಮ ದೇಶದೊಳಗೇ ಒಂದು ದಿನ ಲುಬ್ಲಿಯಾನಾಕ್ಕೆ, ಇನ್ನೊಂದು ದಿನ ಮಾರಿಬೋರ್‌ಗೆ ಕಳಿಸಿದೆ.

ನಿನ್ನೆ ಬೆಳಗ್ಗೆ ಆಸ್ಟ್ರಿಯಾದ ರೈಲು. ಅತ್ತೆ ಹತ್ತಿದ ಬಾಗಿಲಲ್ಲೇ ಟಿಕೆಟ್ ನೋಡುವ ಬೋಗ್ದಾನ್ ಸಿಕ್ಕಿ, ಫೋನಿನಲ್ಲಿ ಪಾಸು ನೋಡಿದ.

"ಅಯ್ಯೋ ಸ್ಲಾವ್ಕಾ, ನಮ್ಮ ದೇಶದೊಳಗೆ ಈ ಪಾಸು ನಡೆಯೋದು ಎರಡೇ ದಿನ. ದೇಶ ಬಿಟ್ಟು ಹೋಗೋಕೊಂದು, ವಾಪಸ್ ಬರೋಕೊಂದು. ಎರಡೂ ಮುಗಿಸಿದ್ದೀಯಲ್ಲ!" ಆಮೇಲೆ ಗಟ್ಟಿಯಾಗಿ ನಕ್ಕ. "ನನ್ನ ಕಾಫಿಗೆ ನೀರು ಬೆರೆಸ್ತಿದ್ದವಳು ಈಗ ಟಿಕೆಟ್ ಇಲ್ದೆ ಹತ್ತಿದಾಳೆ ನೋಡ್ರಪ್ಪೋ!"

ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ನಕ್ಕರು. ಅತ್ತೆಯ ಕತ್ತು ಕೆಂಪಾಯಿತು.

"ನಾನೇ ಸರಿಯಾಗಿ ಓದ್ಲಿಲ್ಲ," ಎಂದು ನನ್ನತ್ತ ನೋಡದೆ ಚೀಲ ಇಳಿಸಿದರು.

"ತಮಾಷೆಗಂದೆ ಮಾರಾಯ್ತಿ! ಗಡಿ ದಾಟೋವರೆಗೆ ಟಿಕೆಟ್ ತಗೋ, ಆಚೆ ಪಾಸೇ ನಡೆಯುತ್ತೆ. ಇನ್ನೂ ಐದು ನಿಮಿಷ ಇದೆ."

"ಬೇಡ ಬಿಡು. ನನ್ನಂಥವಳಿಗಲ್ಲ ಇದು."

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ನೋಟುಪುಸ್ತಕವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಬೋಗ್ದಾನ್ ಹೇಳಿದ್ದು ಪಾಸಿನ ನಿಯಮಗಳ ಮೊದಲ ಪುಟದಲ್ಲೇ ಇತ್ತು. ಬೇರೆ ದೇಶಗಳದ್ದನ್ನೆಲ್ಲ ಎರಡೆರಡು ಸಲ ಓದಿದ್ದೆ. ನಮ್ಮ ದೇಶದ್ದೇನು ಓದುವುದು ಎಂದು ಬಿಟ್ಟಿದ್ದೆ.

ಇವತ್ತು ಹೋದಾಗ ಅತ್ತೆ ಚೀಲದಿಂದ ಬಟ್ಟೆ ತೆಗೆದು ಕಪಾಟಿನಲ್ಲಿಡುತ್ತಿದ್ದರು. "ಊಟ ಆಯ್ತಾ?" ಎಂದು ಮಾತ್ರ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಪಾಸಿನಲ್ಲಿ ಇನ್ನೂ ಎಂಟು ದಿನ ಉಳಿದಿವೆ. ನಾಳೆ ಬೆಳಗ್ಗೆ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ನಾನೇ ಮಾತಾಡಿ, ಗಡಿಯಾಚೆಯ ಮೊದಲ ನಿಲ್ದಾಣಕ್ಕೆ ಅತ್ತೆಯ ಟಿಕೆಟ್ ತೆಗೆಸುತ್ತೇನೆ. ಆಮೇಲೆ ಬೋಗ್ದಾನ್ ಎದುರು ನಿಂತು, ಎಲ್ಲರಿಗೂ ಕೇಳುವಂತೆ, ತಪ್ಪು ನನ್ನದು ಎಂದು ಹೇಳುತ್ತೇನೆ.