ಕೆಡವಗೊಡದ ಅಣೆಕಟ್ಟು

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಕಾಕಾ ಒಂದು ನೆಟ್ ಸೆಂಟರ್ ಇಟ್ಟಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನನ್ನು ಅದರ ಕೌಂಟರಿಗೆ ಕೂರಿಸಿದರು. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ರಿಸಲ್ಟ್ ನೋಡುವವರು, ಅರ್ಜಿ ತುಂಬುವವರು ಬೆಳಿಗ್ಗೆಯೇ ಬಂದು ಹೋಗುತ್ತಿದ್ದರು. ಮಧ್ಯಾಹ್ನ ಸೆಂಟರ್ ಖಾಲಿ. ಆಗ ನಾನೂ ನನ್ನ ಗೆಳತಿಯೂ ಅಕ್ಕಪಕ್ಕದ ಕಂಪ್ಯೂಟರುಗಳಲ್ಲಿ ಒಂದು ಆಟಕ್ಕೆ ಕೂರುತ್ತಿದ್ದೆವು.

ಆ ಆಟದಲ್ಲಿ ಗೆಲ್ಲುವುದು, ಸೋಲುವುದು ಇರಲಿಲ್ಲ. ಒಂದು ದೊಡ್ಡ ಭೂಮಿ. ಯಾವ್ಯಾವುದೋ ದೇಶದ ಜನ ಇಂಟರ್‌ನೆಟ್ಟಿನಲ್ಲಿ ಕೂಡಿ ಅದರ ಮೇಲೆ ಮನೆ, ಕೋಟೆ, ಪೇಟೆ ಕಟ್ಟುತ್ತಿದ್ದರು. ಕಲ್ಲನ್ನು ನಾವೇ ಗುಡ್ಡ ಅಗೆದು ತರಬೇಕು. ನಾನು ಎರಡು ಕೋಣೆಯ ಮನೆ ಕಟ್ಟಿ ಸುಮ್ಮನಾದೆ. ಗೆಳತಿ ಹಾಗಲ್ಲ. ಅವಳು ಮೂಡಲಗಿಯವಳು, ಟ್ಯಾಲಿ ಕಲಿಯಲು ಗೋಕಾಕಕ್ಕೆ ಬರುತ್ತಿದ್ದಳು. ಅಪ್ಪ ನೀರಾವರಿ ಇಲಾಖೆಯಲ್ಲಿದ್ದಾಗ ಹಿಡಕಲ್ ಡ್ಯಾಮಿನ ಕ್ವಾರ್ಟರ್ಸಿನಲ್ಲೇ ಬೆಳೆದವಳು. ಆಟದಲ್ಲಿ ಹೊಳೆ ಕಂಡದ್ದೇ ತಡ, "ಇಲ್ಲಿ ಡ್ಯಾಮ್ ಕಟ್ಟೂಣು" ಅಂದಳು. ಒಂದು ದಂಡೆಯಿಂದ ಗೋಡೆ ಎಬ್ಬಿಸುತ್ತ ಹೊಳೆಯ ನಡುವಿನ ತನಕ ಬಂದಳು. ಅಷ್ಟರಲ್ಲಿ ಲಗ್ನ ಗೊತ್ತಾಯಿತು. ಹುಕ್ಕೇರಿಯ ವ್ಯಾಪಾರಸ್ಥರ ಮನೆ ಸೇರಿದಳು.

ಕೆಲವು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಆಟ ತೆರೆದರೆ ಅವಳ ಗೋಡೆಯ ಮೇಲೆ ಕೆಂಪು ಬಾವುಟ ಹಾರುತ್ತಿತ್ತು. ಆಟದ ನಿಯಮ ಹೀಗಿತ್ತು: ಮೂರು ತಿಂಗಳು ಕೆಲಸ ನಡೆಯದ ಕಟ್ಟಡದ ಮೇಲೆ ಯಾರು ಬೇಕಾದರೂ ಕೆಂಪು ಬಾವುಟ ನೆಡಬಹುದು. ಕಟ್ಟಿದವರು ಎರಡು ವಾರದೊಳಗೆ ಬಂದು ಯಾವಾಗ ಮುಗಿಸುತ್ತೇವೆಂದು ಬರೆಯಬೇಕು. ಬರೆಯದಿದ್ದರೆ ಅದು ಪಾಳು ಬಿದ್ದದ್ದು ಎಂದು ಲೆಕ್ಕ. ಯಾರು ಬೇಕಾದರೂ ಕೆಡವಿ ಕಲ್ಲು ಒಯ್ಯಬಹುದು. ಬಾವುಟ ನೆಟ್ಟವನಿಗೆ ಆ ಜಾಗದಲ್ಲಿ ಪೇಟೆ ಕಟ್ಟಬೇಕಿತ್ತು.

ನನಗೆ ಮೈ ಉರಿಯಿತು. ಪಾಳು ಬಿದ್ದದ್ದಂತೆ! ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಇದರ ಒಡತಿ ಇದ್ದಾಳೆ, ಕೆಡವಬೇಡಿ ಎಂದು ಬರೆದೆ. ಆಟ ನಡೆಸುವವರು ಉತ್ತರ ಕೊಟ್ಟರು: ಗೆಳತಿಯ ಮಾತು ನಡೆಯುವುದಿಲ್ಲ, ಕಟ್ಟಿದವಳೇ ಬರಬೇಕು, ನಿಯಮ ಎಲ್ಲರಿಗೂ ಒಂದೇ. ನಾನು ಕೌಂಟರನ್ನು ಕಾಕಾನಿಗೆ ಒಪ್ಪಿಸಿ ಮರುದಿನವೇ ಹುಕ್ಕೇರಿ ಬಸ್ ಹತ್ತಿದೆ.

ಗೆಳತಿ ಪಡಸಾಲೆಯಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ಎದುರಿಗೆ ಅವಳ ಅತ್ತೆ. ಅತ್ತೆ ಅಡಿಗೆಮನೆಗೆ ಹೋದಾಗ ವಿಷಯ ಹೇಳಿದೆ.

"ಕೆಡವ್ಲಿ ಬಿಡ. ಆಟ ಅದು," ಅಂದಳು, ತಲೆ ಎತ್ತದೆ.

"ನೀ ಹಂಗ ಅಂದ್ರ ನಾ ಬಸ್ಸಿನ್ಯಾಗ ನಿಂತು ಯಾಕ ಬಂದ್ನಿ?"

ಆಗ ತಲೆ ಎತ್ತಿದಳು. "ಪಾಳು ಅಂತ ಬರದಾರೇನ, ಖರೇನ?"

"ಖರೆ."

ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. "ಅತ್ತಿ, ಪ್ಯಾಟಿಗೆ ಹೋಗಿ ಬರ್ತೀನ್ರಿ."

"ಯಾಕ?" ಅತ್ತೆ ಬಾಗಿಲಿಗೆ ಬಂದರು.

ಗೆಳತಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಕಂಪ್ಯೂಟರಿನ್ಯಾಗ ನಾ ಒಂದು ಡ್ಯಾಮ್ ಕಟ್ಟಾಕತ್ತಿದ್ನಿರಿ. ಅದನ್ನ ಕೆಡವಾಕ ಹೊಂಟಾರ."

ಅತ್ತೆ ನಮ್ಮಿಬ್ಬರ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಅಗ ಬಾಯಿ! ನಡೀರಿ, ನಾನೂ ಬರ್ತೀನಿ. ಏನಂತ ನೋಡೂಣು," ಎಂದು ಚಪ್ಪಲಿ ಮೆಟ್ಟಿದರು.

ಹುಕ್ಕೇರಿಯ ಒಂದು ನೆಟ್ ಸೆಂಟರಿನಲ್ಲಿ ಕಾಲೇಜು ಹುಡುಗರು ನಮ್ಮನ್ನು ಕಂಡು ನಕ್ಕರು. ಅತ್ತೆ ಪ್ಲಾಸ್ಟಿಕ್ ಕುರ್ಚಿ ಎಳೆದು ಸೊಸೆಯ ಹಿಂದೆ ಗಟ್ಟಿಯಾಗಿ ಕೂತರು. ಆಟ ತೆರೆಯಿತು. ಎರಡು ವಾರ ಇನ್ನೂ ಮುಗಿದಿರಲಿಲ್ಲ, ಆದರೂ ಗೋಡೆಯ ಒಂದು ಮೂಲೆ ಆಗಲೇ ಕಿತ್ತುಹೋಗಿತ್ತು. ಕಲ್ಲು ಆ ಪೇಟೆಯವನ ಜಾಗದಲ್ಲಿ ರಾಶಿ ಬಿದ್ದಿತ್ತು.

"ಯಾರಂವಾ, ನಿನ್ನ ಗ್ವಾಡಿ ಕಿತ್ತಾಂವ?" ಅತ್ತೆ ಕೇಳಿದರು.

"ಗೊತ್ತಿಲ್ರಿ. ಯಾವ ದೇಶದಾಂವೋ ಏನೋ."

"ಯಾವ ದೇಶದಾಂವ ಇದ್ರೇನ? ಕೇಳ ಅವನ್ನ!"

ಗೆಳತಿ ಮೊದಲು ಕಿತ್ತ ಜಾಗಕ್ಕೆ ಒಂದೊಂದೇ ಕಲ್ಲು ಹಚ್ಚಿದಳು. ಆಮೇಲೆ ಬಾವುಟದ ಕೆಳಗಿನ ಪ್ರಶ್ನೆ ಓದಿಸಿಕೊಂಡಳು. ಯಾವಾಗ ಮುಗಿಸುತ್ತೀರಿ, ತಾರೀಖು ಬರೆಯಿರಿ.

"ತಾರೀಖು ಕೇಳಾಕ ಅವ್ರ ಯಾರ? ನಾ ಮುಗಿಸಿದಾಗ ಮುಗೀತೈತಿ ಅಂತ ಬರಿ."

ನಾನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಬರೆದೆ. ವಾಯಿದೆಗೆ ಮೊದಲೇ ಕಲ್ಲು ಕಿತ್ತದ್ದನ್ನೂ ಸೇರಿಸಿದೆ.

ಉತ್ತರ ಬರಲು ಕೆಲವು ದಿನ ಹಿಡಿಯಿತು. ತಾರೀಖು ಇಲ್ಲದೆ ಒಪ್ಪುವುದಿಲ್ಲ ಅಂದರು. ಗೆಳತಿ ಕೊಡುವುದಿಲ್ಲ ಅಂದಳು. ಅವಳು ಕೊಟ್ಟ ಪಾಸ್‌ವರ್ಡ್ ಹಾಕಿ ನಾನು ಗೋಕಾಕದಿಂದ ಅವಳ ಹೆಸರಿನಲ್ಲೇ ಬರೆಯುವುದು, ಅವಳು ಹುಕ್ಕೇರಿಯಿಂದ ಅವರ ಮನೆಯ ಫೋನಿನಲ್ಲಿ ಮಾತು ಹೇಳುವುದು. "ಮನಿ, ಮಂದಿ, ಅಂಗಡಿ ಎಲ್ಲಾ ನೋಡ್ಕೊಂಡು ಕಟ್ಟಾಕಿ ನಾ. ಅವ್ರಂಗ ದಿನಾ ಕುಂಡ್ರಾಕ ಆಗೂದಿಲ್ಲ. ಹಂಗಂತ ಬಿಟ್ಟು ಹೋಗೇನಿ ಅಂದ್ರ ಹೆಂಗ?" ಈ ಮಾತು ಓದಿ ಬೇರೆ ಯಾರ‍್ಯಾರೋ ನಮ್ಮ ಪರ ಬರೆಯತೊಡಗಿದರು. ಒಬ್ಬಾಕೆಗೆ ಕೂಸು ಹುಟ್ಟಿತ್ತಂತೆ, ಒಬ್ಬ ಆಸ್ಪತ್ರೆಯಲ್ಲಿದ್ದನಂತೆ. ಅವರ ಕಟ್ಟಡಗಳನ್ನು ಆಗಲೇ ಕೆಡವಿದ್ದರು.

ಕೊನೆಗೆ ನಿಯಮಕ್ಕೆ ಒಂದು ಸಾಲು ಸೇರಿತು: ಕಟ್ಟಿದವರು ಬಂದು ಇದು ನನ್ನದು ಎಂದರೆ ಸಾಕು, ತಾರೀಖು ಬೇಕಿಲ್ಲ. ಬಾವುಟ ಇಳಿಯಿತು. ಪೇಟೆಯವನು ಕೆಟ್ಟದಾಗಿ ಏನೋ ಬರೆದು, ಹೊಳೆಯ ಕೆಳಗೆ ಬೇರೆ ಜಾಗ ಹಿಡಿದ.

ಡ್ಯಾಮ್ ಆಚೆ ದಂಡೆ ಮುಟ್ಟಲೇ ಇಲ್ಲ. ಗೆಳತಿ ಸಂತೆಗೆ ಹೋದಾಗ ನೆಟ್ ಸೆಂಟರಿಗೂ ಹೋಗಿ ಅಷ್ಟಿಷ್ಟು ಕಲ್ಲು ಹಚ್ಚುತ್ತಿದ್ದಳು, ಕೆಲವೊಮ್ಮೆ ತಿಂಗಳುಗಟ್ಟಲೆ ಹಚ್ಚುತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಆ ಆಟವೇ ನಿಂತುಹೋಯಿತು. ಬೇಜಾರಾಯಿತೇ ಎಂದು ಕೇಳಿದೆ.

"ಅರ್ಧಾನ ಇತ್ತು, ಖರೆ," ಅಂದಳು. "ಆದ್ರ ಯಾರಿಗೂ ಮುಟ್ಟಾಕ ಬಿಡ್ಲಿಲ್ಲ."

ಅವಳ ಅತ್ತೆಗೆ ಮಾತ್ರ ಸಮಾಧಾನವಾಗಿರಲಿಲ್ಲ. ನಾನು ಹುಕ್ಕೇರಿಗೆ ಹೋದಾಗಲೆಲ್ಲ ಚಹಾ ಕೈಗಿಟ್ಟು ಕೇಳುತ್ತಿದ್ದರು: "ಅಲ್ಲವಾ, ಆ ಕಲ್ಲು ಕಿತ್ತಾಂವ ತಪ್ಪಾತು ಅಂದ್ನೋ ಇಲ್ಲೋ?"