ಬೀಳಿಸಿದ್ದಲ್ಲ, ಇಳಿಸಿದ್ದು

ಸುಲೋಚನಾ ಆಂಟಿಯ ಮುಂದೆ ಏನು ಬೇಕಾದರೂ ಅನ್ನಬಹುದು. ಅವರ ಸಾರಿಗೆ ಉಪ್ಪು ಸಾಲದು ಎನ್ನಬಹುದು, ಮೈಸೂರಿಗಿಂತ ಬೆಂಗಳೂರೇ ಮೇಲು ಎಂದೂ ಅನ್ನಬಹುದು. ಅವರ ಅಪ್ಪನ ವಿಮಾನ ಬಿತ್ತು ಎಂದು ಮಾತ್ರ ಅನ್ನಬಾರದು.

ಆಸ್ಟ್ರೇಲಿಯಾದ ಪರ್ತ್‌ನ ಥಾರ್ನ್ಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಮಗ ಧ್ರುವ ಡಾಕ್ಟರು, ಮನೆಯಲ್ಲಿರುವುದೇ ಕಮ್ಮಿ. ಹಾಗಾಗಿ ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತಾ ಬೇಲಿಯಾಚೆಯಿಂದ ಆಂಟಿ ಹೇಳುವ ಕಥೆಗಳಿಗೆಲ್ಲ ನಾನೇ ಕಿವಿ. ಕಥೆ ಒಂದೇ, ಅಪ್ಪ ಕ್ಯಾಪ್ಟನ್ ಶ್ರೀಕಂಠಯ್ಯನವರದು. ನಮ್ಮೂರುಗಳಲ್ಲಿ ವಿಮಾನದ ಸದ್ದು ಕೇಳಿದರೆ ಜನ ಊಟ ಬಿಟ್ಟು ಅಂಗಳಕ್ಕೆ ಓಡುತ್ತಿದ್ದ ಕಾಲ ಅದು. ಅವರು ಒಂದು ಖಾಸಗಿ ಕಂಪನಿಯ ಪೈಲಟ್. ಆ ಕಂಪನಿಯ ಪುಣ್ಯಾತ್ಮರು ತೂತು ಪೀಪಾಯಿಗಳಲ್ಲಿ ಪೆಟ್ರೋಲು ಇಟ್ಟು, ನೀರು ಬೆರೆತದ್ದನ್ನೇ ವಿಮಾನಕ್ಕೆ ತುಂಬಿಸಿದ್ದರು. ಎರಡೂ ಎಂಜಿನ್ನು ಆಕಾಶದಲ್ಲೇ ನಿಂತವು. ಶ್ರೀಕಂಠಯ್ಯನವರು ವಿಮಾನವನ್ನು ತೇಲಿಸಿಕೊಂಡು ಬಂದು ಒಣಗಿದ ಕೆರೆಯೊಂದರ ಅಂಗಳದಲ್ಲಿ ಇಳಿಸಿದರು. ಯಾರೊಬ್ಬರ ಕೂದಲೂ ಕೊಂಕಲಿಲ್ಲ.

ಅದಕ್ಕೆ ಸಿಕ್ಕ ಬಹುಮಾನವೇನು ಗೊತ್ತೇ? ಪೈಲಟ್ಟಿನ ಗಮನ ಬೇರೆಲ್ಲೋ ಇತ್ತು ಎಂದು ಹೇಳಿ ಕಂಪನಿ ಅವರನ್ನೇ ಮನೆಗೆ ಕಳಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ಅವರು ಬದುಕಿದ್ದಷ್ಟು ಕಾಲ ಮೈಸೂರಿನಲ್ಲಿ ಜನರಿಗೆ ಕಾರು ಓಡಿಸುವುದನ್ನು ಕಲಿಸಿದರು. ಬೀದಿಯ ಬಾಯಲ್ಲಿ ಅವರು ವಿಮಾನ ಬೀಳಿಸಿದ ಶ್ರೀಕಂಠಯ್ಯ, ಆಂಟಿ ವಿಮಾನ ಬೀಳಿಸಿದವನ ಮಗಳು.

ಆ ಮಾತು ಸಮುದ್ರ ದಾಟಿದರೂ ಬೆನ್ನು ಬಿಡಲಿಲ್ಲ. ಬ್ರಿಸ್ಬೇನ್‌ನ ಟೂವಾಂಗ್‌ನಲ್ಲಿ ಆಂಟಿಯ ಮಗಳು ರಂಜನಿಯ ಗೆಳತಿಯರು ಕಥೆ ಕೇಳಿ, ಓ ಕ್ರ್ಯಾಶಾ, ಎಂದು ಕಣ್ಣರಳಿಸಿದರು. ಅಡಿಲೇಡ್‌ನಲ್ಲಿ ಬೀಗರು ಪಾಪ ಎಂದು ಲೊಚಗುಟ್ಟಿದರು. ಆಂಟಿ ಕುಡಿಯುತ್ತಿದ್ದ ಕಾಫಿ ಕೆಳಗಿಟ್ಟು ಎದ್ದು ಬಂದರಂತೆ. ಒಳ್ಳೆಯದೇ ಮಾಡಿದರು.

ಈ ಸಲ ಇಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವದಲ್ಲಿ ನಮ್ಮ ನಮ್ಮ ಹಿರಿಯರನ್ನು ನೆನೆಯೋಣ ಎಂದರು. ಅಪ್ಪನ ಹೆಸರು ನಾಲ್ಕು ಜನರೆದುರು ಒಮ್ಮೆಯಾದರೂ ಸರಿಯಾಗಿ ಬರಲಿ ಎಂಬುದಷ್ಟೇ ಆಂಟಿಯ ಆಸೆ. ನಿರೂಪಣೆ ಮಾಡುವ ಸಂದೀಪನನ್ನು ಮನೆಗೆ ಕರೆದು ಚಿರೋಟಿ ಬಡಿಸಿ, ಬೀಳಿಸಿದ್ದಲ್ಲ ಇಳಿಸಿದ್ದು ಎಂದು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರು. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಸರಿ ಆಂಟಿ, ಸರಿ ಆಂಟಿ ಎನ್ನುತ್ತಾ ಇನ್ನೆರಡು ಚಿರೋಟಿ ಹಾಕಿಸಿಕೊಂಡ.

ವೇದಿಕೆ ಹತ್ತಿದವನು ಹೇಳಿದ್ದು ಇದು: "ನಮ್ ಸುಲೋಚನಾ ಆಂಟಿ ಫಾದರ್ ಪೈಲಟ್ ಆಗಿದ್ರು. ಇಡೀ ಫ್ಲೈಟ್‌ನ ತಗೊಂಡೋಗಿ ಕೆರೆಗೆ ಬೀಳ್ಸಿಬಿಟ್ರಂತೆ."

ಸಭೆ ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಒಂದು ಕ್ರಿಯಾಪದ! ಅಷ್ಟು ಚಿರೋಟಿ ಇಳಿಸಿದ ಬಾಯಿಗೆ 'ಇಳಿಸಿದರು' ಅನ್ನಲು ಏನು ದಾಡಿ?

ಬೇಡಮ್ಮ ಎಂದು ಧ್ರುವ ಸೆರಗು ಹಿಡಿದ. ಆಂಟಿ ಕೊಸರಿಕೊಂಡು ವೇದಿಕೆ ಹತ್ತಿ ಮೈಕು ಕಿತ್ತುಕೊಂಡರು.

"ಪೈಲಟ್ ಗಮನ ಎಲ್ಲೋ ಇತ್ತು ಅಂತ ಯಾಕಂದ್ರು ಗೊತ್ತಾ? ನಮ್ಮಮ್ಮ ಆ ವಿಮಾನದಲ್ಲಿದ್ಲು. ಬಾಣಂತನಕ್ಕೆ ತವರಿಗೆ ಹೊರಟಿದ್ಲು. ಹೆಂಡ್ತಿ ಜೊತೇಲಿದ್ಲು, ಅದಕ್ಕೇ ಮೈಮರೆತ ಅಂತ ಅಪ್ಪನ ತಲೆಗೆ ಕಟ್ಟಿದ್ರು. ಈ ಮಾತು ಎಲ್ಲೂ ಎತ್ತಬೇಡ ಅಂತ ಅಮ್ಮ ಆಣೆ ಹಾಕಿಸ್ಕೊಂಡಿದ್ಲು. ಇವತ್ತು ಎತ್ತಿದೀನಿ."

ಇದು ನನಗೆ ಗೊತ್ತಿರಲಿಲ್ಲ. ಧ್ರುವನಿಗೂ ಗೊತ್ತಿರಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಆಂಟಿ ಸಂದೀಪನತ್ತ ತಿರುಗಿದರು. "ಅಮ್ಮನ ಹೊಟ್ಟೇಲಿದ್ದಿದ್ದು ನಾನು ಕಣೋ. ಅಪ್ಪ ಬೀಳ್ಸಿದ್ದಿದ್ರೆ ನಿಂಗೆ ಚಿರೋಟಿ ಯಾರು ಹಾಕ್ತಿದ್ರು? ಈಗ ಹೇಳು, ಏನ್ ಮಾಡಿದ್ರು ನಮ್ಮಪ್ಪ?"

ಇಳಿಸಿದ್ರು ಎಂದು ಅವನು ಗೊಣಗಿದ.

ಆಂಟಿ ಮೈಕನ್ನು ಅವನ ಬಾಯಿಗೆ ಹಿಡಿದರು. "ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."